ಬಲಕ್ಕೆ ಎಳೆಯುವ ಗೇಮ್‌ಪ್ಯಾಡ್

ನಮ್ಮ ಮಾವ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಅಷ್ಟು ವರ್ಷದಲ್ಲಿ ಒಂದು ಕೋಳಿಗೂ ಚಕ್ರ ತಾಕಿಸಲಿಲ್ಲ ಎಂಬುದು ಅವರ ಹೆಮ್ಮೆ. ಮದುವೆಯಾಗಿ ಹೊಸಕೋಟೆಯ ಆ ಮನೆಗೆ ಬಂದ ವಾರದೊಳಗೇ ಈ ಕೋಳಿಯ ಕಥೆ ನನಗೆ ಬಾಯಿಪಾಠವಾಗಿತ್ತು. ರಿಟೈರಾದ ಮೇಲೂ ಸುಮ್ಮನೆ ಕೂರುವ ಜೀವವಲ್ಲ ಅದು. ಬಂದ ದುಡ್ಡಿನಲ್ಲಿ ಹಳೆಯ ಟೆಂಪೋ ಒಂದನ್ನು ಕೊಂಡು, ಬೆಳಗಾಗೆದ್ದು ಸುತ್ತಮುತ್ತಲ ತೋಟದ ತರಕಾರಿಯನ್ನು ಬೆಂಗಳೂರಿನ ಮಾರ್ಕೆಟ್ಟಿಗೆ ಹೊಡೆಯುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವರಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಕೈಕಾಲಿಗೆ ಏನೂ ಆಗಲಿಲ್ಲ. ಬಾಯಿಗಂತೂ ಖಂಡಿತ ಏನೂ ಆಗಲಿಲ್ಲ. ಆದರೆ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಎರಡು ಕಣ್ಣಿನಲ್ಲೂ ಬಲಗಡೆಯ ನೋಟ ಹೋಗಿದೆ, ಇನ್ನು ಗಾಡಿ ಮುಟ್ಟಬೇಡಿ ಎಂದರು. ಮಾವ ಎದುರು ಗೋಡೆಯ ಬೋರ್ಡಿನ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ ತೋರಿಸಿ ಎದ್ದು ಬಂದುಬಿಟ್ಟರು.

“ಆವಯ್ಯಂಗೇ ಸೋಡಾಬುಡ್ಡಿ ಕನ್ನಡಕ, ನನ್ ಕಣ್ಣಿಗೆ ಹೆಸ್ರಿಡಾಕ್ ಬಂದವ್ನೆ” ಎಂದು ದಾರಿಯುದ್ದಕ್ಕೂ ಬೈದರು.

ಮುಂದಿನ ವಾರ ಮತ್ತೆ ಟೆಂಪೋ ಹತ್ತಿದರು. ಹತ್ತಿದ ಮೂರನೇ ದಿನ ಬಲಗಡೆಯ ಕನ್ನಡಿ ನಮ್ಮ ಗೇಟಿನ ಕಂಬಕ್ಕೆ ತಾಗಿ ಪುಡಿಯಾಯಿತು. ಗೇಟು ಕಿರಿದಾಯಿತು ಎಂದರು. ಇಪ್ಪತ್ತು ವರ್ಷ ಅಗಲವಾಗಿದ್ದ ಗೇಟು ರಾತ್ರೋರಾತ್ರಿ ಕಿರಿದಾಗುವುದುಂಟೇ? ಅತ್ತೆ ಮಾತ್ರ ಟೆಂಪೋ ತಿರುಗಿ ಮನೆ ಸೇರುವ ತನಕ ಒಂದು ತೊಟ್ಟು ಕಾಫಿಯನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ದಾರಿಯಲ್ಲಿ ಸ್ಕೂಲಿನ ಮಕ್ಕಳು ನಡೆದು ಹೋಗುತ್ತವೆ ಎಂದು ನೆನೆದರೆ ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಹೇಳಿದರೆ ಕೇಳುವವರಾರು?

ನಮ್ಮ ಯಜಮಾನರು ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಕ್ಲರ್ಕು. ಆಫೀಸಿನವರು ತೆಗೆದುಹಾಕಿದ ಕಂಪ್ಯೂಟರ್ ಒಂದನ್ನು ಅಗ್ಗಕ್ಕೆ ಹಿಡಿದು ಮನೆಗೆ ತಂದರು. ಅದರಲ್ಲೊಂದು ಕಾರ್ ರೇಸಿನ ಆಟವಿತ್ತು.

“ಮುಳ್ಳನ್ನ ಮುಳ್ಳಿಂದಾನೇ ತೆಗೀಬೇಕು ಕಣೇ. ಅಪ್ಪ ಮನೇಲೇ ಹೊಟ್ಟೆತುಂಬ ಗಾಡಿ ಓಡಿಸ್ಲಿ, ಹೊರಗಿನ ಚಪಲ ತಾನಾಗೇ ಇಳಿಯುತ್ತೆ” ಎಂದರು. ನಾನು ನಂಬಲಿಲ್ಲ. ಆದರೆ ಬೇರೆ ಉಪಾಯವೂ ಇರಲಿಲ್ಲ.

ಮಾವ ಚಪ್ಪಲಿ ಕಳಚಿ, ಕಂಪ್ಯೂಟರಿಗೆ ಕೈಮುಗಿದು ಕೂತರು. ರೇಸ್ ಶುರುವಾಯಿತು. ಉಳಿದ ಕಾರುಗಳೆಲ್ಲ ಬಾಣದಂತೆ ಹೋದವು. ಮಾವ ರಸ್ತೆಯ ಎಡಪಕ್ಕ ಹಿಡಿದು, ಹಿಂದೆ ಬಂದವರಿಗೆಲ್ಲ ಸೈಡ್ ಕೊಟ್ಟುಕೊಂಡು, ಬಸ್ಸಿನ ವೇಗದಲ್ಲಿ ಹೊರಟರು.

“ಮಾವ, ಇದು ರೇಸು. ಮುಂದಿನವ್ರನ್ನ ಹಿಂದೆ ಹಾಕ್ಬೇಕು.”

“ಹೋಗ್ಲಿ ಬಿಡಮ್ಮ. ಪಾಪ ಅವ್ರಿಗೇನೋ ಅರ್ಜೆಂಟ್ ಐತೆ.”

ತಿರುವು ಬಂದಾಗ ಬ್ರೇಕಿನ ಗುಂಡಿಯನ್ನು ಬಸ್ಸಿನ ಪೆಡಲ್ ತುಳಿಯುವ ಬಲದಲ್ಲಿ ಒತ್ತಿದರು. ಗುಂಡಿ ಕಿತ್ತು ಹಾರಿ, ಪಕ್ಕದಲ್ಲಿ ಅತ್ತೆ ಆರಿಸುತ್ತಿದ್ದ ಅಕ್ಕಿಯ ಮೊರಕ್ಕೆ ಬಿತ್ತು. ಅತ್ತೆ ಅದನ್ನು ಕಲ್ಲೆಂದು ಹೆಕ್ಕಿ ಅಂಗಳಕ್ಕೆ ಎಸೆದರು. ಕೀಬೋರ್ಡು ಉಳಿಯಬೇಕಾದರೆ ಕೈಯಲ್ಲಿ ಹಿಡಿದು ಆಡುವಂಥದ್ದು ಏನಾದರೂ ತರಲೇಬೇಕು ಎಂದು ಅಂದೇ ತೀರ್ಮಾನವಾಯಿತು.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಅಂಗಡಿ ಇತ್ತು. ಮುಂದೆ ಎಸ್‌ಟಿಡಿ ಬೂತು, ನಡುವೆ ಜೆರಾಕ್ಸು, ಒಳಗೆ ಕಂಪ್ಯೂಟರ್ ಸಾಮಾನು. ಮಾವನನ್ನು ಒಬ್ಬರನ್ನೇ ಕಳಿಸುವಂತಿರಲಿಲ್ಲವಾದ್ದರಿಂದ ನಾನೂ ಹೋದೆ. ಹೋಗಿದ್ದು ಒಳ್ಳೆಯದೇ ಆಯಿತು. ಗಾಜಿನ ಬೀರುವಿನಲ್ಲಿ ಆಟದ ಸ್ಟೇರಿಂಗ್ ಒಂದಿತ್ತು, ಮಾವ ನೆಟ್ಟಗೆ ಹೋಗಿ ಅದರ ಮುಂದೆ ನಿಂತರು. ಬೆಲೆ ಕೇಳಿದೆ. ಯಜಮಾನರ ಅರ್ಧ ಸಂಬಳ. ಮಾವನ ತೋಳು ಹಿಡಿದು ಈಚೆಗೆ ತಿರುಗಿಸಿದೆ.

ಅಂಗಡಿಯಾತ ಎಲ್ಲಕ್ಕಿಂತ ಅಗ್ಗದ ಗೇಮ್‌ಪ್ಯಾಡ್ ತೆಗೆದಿಟ್ಟ. ಎರಡೂ ಕೈಯಲ್ಲಿ ಹಿಡಿಯುವ, ಹೆಬ್ಬೆರಳಿನಲ್ಲಿ ಒತ್ತುವ ಪ್ಲಾಸ್ಟಿಕ್ ಸಾಮಾನು. ಮಾವ ಅದನ್ನು ಅಲ್ಲಾಡಿಸಿದರು, ಕಿವಿಗೆ ಹಿಡಿದರು, ಮೂಸಿಯೂ ನೋಡಿದರು.

“ಏನಪ್ಪಾ, ಇದ್ರಾಗೆ ಹಾರ್ನ್ ಯಾವ್ದು?”

“ಹಾರ್ನ್ ಇಲ್ಲ ಯಜಮಾನ್ರೇ.”

“ಹಾರ್ನ್ ಇಲ್ದಿರೋ ಗಾಡೀನ ಆರ್‌ಟಿಒ ಹೆಂಗ್ ಪಾಸ್ ಮಾಡ್ದ?”

ಅಂಗಡಿಯಾತ ನನ್ನ ಮುಖ ನೋಡಿದ. ನಾನು ಜೆರಾಕ್ಸ್ ಯಂತ್ರದ ಮುಖ ನೋಡಿದೆ.

ಆ ಪ್ಯಾಡು ಎರಡೇ ದಿನ ಬಾಳಿತು. ಪ್ರತಿ ಸುತ್ತಿನಲ್ಲೂ ಮಾವನ ಕಾರು ಬಲಗಡೆಯ ಕಂಬಕ್ಕೆ, ಬಲಗಡೆಯ ತಡೆಗೋಡೆಗೆ, ಬಲಗಡೆ ಬಂದ ಕಾರಿಗೆ ಹೋಗಿ ಗುದ್ದುತ್ತಿತ್ತು. “ಸ್ಟೇರಿಂಗ್ ಸಡಿಲ, ಪ್ಲೇ ಜಾಸ್ತಿ. ಬಲಕ್ ಎಳೀತೈತೆ” ಎಂದು ಅದನ್ನು ಬದಲಾಯಿಸಿ, ಗೇರ್ ಲಿವರಿನ ಹಾಗೆ ಎದ್ದುನಿಂತಿದ್ದ ಜಾಯ್‌ಸ್ಟಿಕ್ ತಂದರು. ಅದೂ ಬಲಕ್ಕೇ ಎಳೆಯಿತು. ಮತ್ತೆ ಅಂಗಡಿಗೆ ಹೋದೆವು.

“ಕ್ಯಾಲಿಬ್ರೇಟ್ ಮಾಡಿದ್ರಾ?” ಎಂದ ಅಂಗಡಿಯಾತ.

“ಅಂಗಂದ್ರೆ?”

“ಕೈ ಬಿಟ್ರೆ ನಡುಮಧ್ಯೆ ನಿಲ್ಬೇಕಲ್ಲ, ಅದನ್ನ ಕಂಪ್ಯೂಟರ್‌ಗೆ ಹೇಳ್ಕೊಡೋದು.”

“ವೀಲ್ ಅಲೈನ್‌ಮೆಂಟ್ ಅನ್ನು ಮತ್ತೆ. ಮಾಡು.”

ಆತ ತನ್ನ ಕಂಪ್ಯೂಟರಿಗೆ ಚುಚ್ಚಿ ತೋರಿಸಿದ. ಕಾರು ದಾರದ ಮೇಲೆ ನಡೆದಂತೆ ನೆಟ್ಟಗೆ ಹೋಯಿತು. ಮಾವನಿಗೆ ಸಮಾಧಾನವಾಗಲಿಲ್ಲ. ಅಂಗಡಿಯಲ್ಲಿ ಸರಿಯಾಗಿ ಓಡದ ಗಾಡಿಯನ್ನು ಯಾವ ಶೋರೂಮಿನವನು ತಾನೇ ತೋರಿಸಿಯಾನು ಎಂದು ಅವರ ವಾದ. ಆತ ಬೇಸತ್ತು, ಮೇಲೆ ಸ್ವಲ್ಪ ಹಣ ಹಾಕಿಸಿಕೊಂಡು, ಎಲ್ಲಕ್ಕಿಂತ ಹೆಚ್ಚು ಗುಂಡಿಗಳಿದ್ದ ಮೂರನೆಯ ಪ್ಯಾಡು ಕೊಟ್ಟ. ಅಷ್ಟರಲ್ಲಿ ಒಂದಾದರೂ ಹಾರ್ನ್ ಆಗಿರಲೇಬೇಕು ಎಂದು ಮಾವ ಒಪ್ಪಿದರು.

ಆ ಸಂಜೆ ಮತ್ತೆ ಬಲಗಡೆಯ ಕಂಬ. ಮತ್ತೆ. ಮತ್ತೆ.

“ಕುಣಿಯಲಾರ್ದೋಳು ನೆಲ ಡೊಂಕು ಅಂದ್ಲಂತೆ” ಎಂದು ಅತ್ತೆ ಒಳಗಿನಿಂದಲೇ ಒಗ್ಗರಣೆಯ ಜೊತೆಗೆ ಹಾಕಿದರು.

ಮಾವನಿಗೆ ರೇಗಿತು. ಪ್ಯಾಡನ್ನು ನನ್ನ ತೊಡೆಯ ಮೇಲಿಟ್ಟು, “ನೀನ್ ಓಡಿಸಮ್ಮ. ಎಂಗ್ ಎಳೀತೈತೆ ನಿಂಗೇ ಗೊತ್ತಾಗ್ತದೆ. ನಾಳೆ ಅವ್ನ ಅಂಗ್ಡಿ ಮುಂದೆ ನೀನೇ ಸಾಕ್ಷಿ” ಎಂದರು.

ನಾನು ಸೈಕಲ್ಲನ್ನೂ ತುಳಿದವಳಲ್ಲ. ಹೆದರಿ ಹೆದರಿ, ಮೆಲ್ಲಗೆ ಬಿಟ್ಟೆ. ಮೊದಲ ತಿರುವು ದಾಟಿತು. ಎರಡನೆಯದೂ ದಾಟಿತು. ಕಂಬ ಬಂದಾಗ ಚೂರು ಎಡಕ್ಕೆ ಒತ್ತಿದೆ, ಕಾರು ತಪ್ಪಿಸಿಕೊಂಡು ಹೋಯಿತು.

“ಯಾಕ್ ಎಡಕ್ ತಿರುಗಿಸ್ದೆ?”

“ಕಂಬ ಇತ್ತಲ್ಲ ಮಾವ.”

“ಎಲ್ಲಿತ್ತು?”

ನಾನು ಆಟ ನಿಲ್ಲಿಸಿ, ಮುಂದೆ ಕಾಣುತ್ತಿದ್ದ ಇನ್ನೊಂದು ಕಂಬದ ಮೇಲೆ ಬೆರಳಿಟ್ಟೆ. ಮಾವ ಇಡೀ ತಲೆಯನ್ನು ಬಲಕ್ಕೆ ಹೊರಳಿಸಿ ನೋಡಿದರು. ಆಮೇಲೆ ತಲೆ ನೆಟ್ಟಗೆ ಮಾಡಿದರು. ಮತ್ತೆ ಬಲಕ್ಕೆ ಹೊರಳಿಸಿದರು. ಮತ್ತೆ ನೆಟ್ಟಗೆ. ನಗು ಬರುವಂತಿದ್ದರೂ ನನಗೆ ಬರಲಿಲ್ಲ.

“ಅವಾಗಿಂದಾನೂ ಅಲ್ಲೇ ಇತ್ತಾ?”

“ಹೂಂ ಮಾವ. ಅವಾಗಿಂದಾನೂ.”

ಮಾವ ಪ್ಯಾಡಿನ ವೈರನ್ನು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟರು.

“ಇದು ಸರಿಯಾಗೇ ಐತೆ. ಅವನ್ ಅಂಗ್ಡೀಗ್ ಹೋಗೋದ್ ಬ್ಯಾಡ” ಎಂದರು. ಆಮೇಲೆ ನನ್ನ ಕಡೆ ನೋಡದೆ, “ಬೆಳಿಗ್ಗೆ ಟೆಂಪೋಲಿ ಹೋಗ್ವಾಗ ದಾರೀಲಿ ಒಂದು ಹುಡ್ಗಿ ಕೂಗ್ಕೊಂಡ್ಳು ಕಣಮ್ಮ. ಯಾಕ್ ಕೂಗ್ಕೊಂಡ್ಳು ಅಂತ ನಂಗ್ ಈಗ ಗೊತ್ತಾಯ್ತು” ಎಂದರು.

ಆ ಮಗುವಿಗೆ ಏನಾದರೂ ಆಯಿತೇ ಎಂದೆ. ಇಲ್ಲ, ಬೈದುಕೊಂಡು ಹೋದಳು ಎಂದರು. ಅಷ್ಟು ದಿನ ಅವರ ಹಟಕ್ಕೆ ಒಳಗೊಳಗೇ ಶಾಪ ಹಾಕಿದ್ದ ನನಗೆ ಅವರ ಮುಖ ನೋಡಿ ಅಳು ಬಂತು.

“ಟೆಂಪೋಗೆ ಒಬ್ಬ ಡ್ರೈವರ್ ನೋಡು ಅಂತ ನಿನ್ ಗಂಡಂಗೆ ಹೇಳು. ನನ್ ಬಾಯಲ್ಲಿ ಬರಾಕಿಲ್ಲ.”

ಯಜಮಾನರಿಗೆ ನಾನೇ ಹೇಳಿದೆ. ಎರಡು ದಿನದಲ್ಲಿ ಡ್ರೈವರ್ ಸಿಕ್ಕಿದ. ಮೊದಲ ಬೆಳಗ್ಗೆ ಮಾವ ಅವನಿಗೆ ಗಾಡಿಯ ಸುತ್ತ ಒಂದು ಸುತ್ತು ಹಾಕಿಸಿ, ಯಾವ ಗೇರು ಎಲ್ಲಿ ತೊಂದರೆ ಕೊಡುತ್ತದೆ ಎಂದು ತೋರಿಸಿದರು. ಇನ್ನು ಒಳಗೆ ಬರುತ್ತಾರೆ ಎಂದು ನಾವು ಬಾಗಿಲಲ್ಲಿ ಕಾಯುತ್ತಿದ್ದೆವು. ಅವರು ಆ ಕಡೆಯಿಂದ ಬಳಸಿ ಬಂದು, ಕ್ಲೀನರ್ ಕೂರುವ ಸೀಟಿಗೆ ಹತ್ತಿ, ಬಾಗಿಲು ಎಳೆದುಕೊಂಡರು.

“ಎಡಗಡೆ ನಾನ್ ನೋಡ್ಕೋತೀನಿ” ಎಂದರು ಡ್ರೈವರಿಗೆ. “ಬಲಗಡೆ ನೀನ್ ನೋಡ್ಕೊಳಪ್ಪಾ.”