ಹಳೇ ಕಾರ್ಡಿಗೆ ನಲವತ್ತು, ಹೊಸಾದಕ್ಕ ಇಪ್ಪತ್ತೆರಡು

ಮೊನ್ನೆ ಮೊಮ್ಮಗಳು ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಒಳಗಿನ ಕಾರ್ಡು ಕಿತ್ತು ನೆಲದ ಮ್ಯಾಲೆ ಇಟ್ಟಳು. ಕಾದ ಧೂಳಿನ ವಾಸನಿ ಬಂತು. ಹಂಚಿನ ಮ್ಯಾಲೆ ಹಿಟ್ಟು ಸೀದಂಗ, ಅದರ ಜೋಡಿ ಪ್ಲಾಸ್ಟಿಕ್ಕಿನ ಕಮಟು. "ಆಯಿ, ಇದು ಹಳೇದಾತು. ಹೊಸಾದರಾಗ ಮೆಮರಿ ನಾಕು ಪಟ್ಟು ಐತಿ," ಅಂದಳು. ನನಗ ಗೋವಾದಾಗ ಪಣಜಿ ಹತ್ತರದ ಚಿಂಬಲ್ಲಿನ ಗುಡ್ಡದ ತುದಿಯ ಒಂದು ತಗಡಿನ ಖೋಲಿ ಕಣ್ಣಿಗೆ ಬಂತು, ಅದರಾಗ ಗ್ವಾಡಿಗೆ ಆತು ಕುಂತಿದ್ದ ಒಬ್ಬ ಮನಷ್ಯಾ...

ಅಂವಗ ಗುಡ್ಡದ ಮಂದಿಯೆಲ್ಲಾ ವಾಯರಮನ್ ಅಂತಿದ್ರು. ನಮ್ಮ ವಿಜಾಪುರ ಕಡೆಯಾಂವ, ನನಗಿಂತ ಹತ್ತು ವರ್ಷ ಸಣ್ಣಾಂವ. ಹೊಸಾ ಕಟ್ಟಡಗಳಿಗೆ ವಾಯರಿಂಗ್ ಮಾಡತಿದ್ದ. ಒಂದಿನ ಮೂರನೇ ಮಾಳಗಿಯಿಂದ ಬಿದ್ದ, ಸೊಂಟದ ಕೆಳಗ ಶಕ್ತಿ ಹೋತು. ಅಣ್ಣನ ಮನಿಯವರು ಊಟ ಕೊಡತಿದ್ರು, ಮಾತು ಕೊಡತಿರಲಿಲ್ಲ. ಅಂವನ ಖೋಲಿಯಿಂದ ರಸ್ತಾಕ್ಕ ಇಳೀಬೇಕಂದ್ರ ಕಲ್ಲಿನ ಮೆಟ್ಲು. ಮಳಿಗಾಲದಾಗ ಪಾಚಿ ಹಿಡದು, ಕಾಲಿದ್ದ ನಾವ ಜಾರಿ ಬೀಳತಿದ್ವಿ. ಅಂವನ್ನ ಇಳಸಾಕ ಕುರ್ಚಿ ಹೊರೋ ನಾಕು ಗಂಡಸರು ಬೇಕು. ದಿನಾ ನಾಕು ಗಂಡಸರು ಯಾರಿಗೆ ಸಿಗತಾರ? ಖೋಲಿಗೆ ಇದ್ದದ್ದು ಒಂದ ಕಿಡಕಿ, ಅದರಾಗಿಂದ ಎದುರು ಮನಿಯ ಗ್ವಾಡಿ ಕಾಣತಿತ್ತು.

ನಾ ಆಗ ಪಣಜಿಯಾಗ ಒಂದು ಕಂಪ್ಯೂಟರ್ ಅಂಗಡಿ ಕಸಾ ಹೊಡೀತಿದ್ದೆ. ಅಂಗಡಿ ಮಾಲಕಗ ಎಲ್ಲಾರೂ ಶೇಟ್ ಅಂತಿದ್ರು. ಅವರ ಅಂಗಡಿಗೆ ವಾಯರ್ ಎಳದಾಂವ ಇಂವನ. ಹಿಂಗಾಗಿ ಶೇಟ್ ಒಂದು ಹಳೇ ಕಂಪ್ಯೂಟರ್ ಮ್ಯಾಲೆ ಕಳಿಸಿಕೊಟ್ರು, ಕೆಟ್ಟ ಕಾರ್ಡುಗಳನ್ನ ನನ್ನ ಬುಟ್ಟಿಯಾಗ ಹಾಕಿ ಕಳಸತಿದ್ರು. ಅಂವಾ ಬಿಚ್ಚಿ ಬಿಚ್ಚಿ ತಾನ ಕಲತ. ಸಂಜಿಗೆ ಗುಡ್ಡ ಹತ್ತಿ ನನ್ನ ಮನಿಗೆ ಹೋಗೂ ಮುಂದ ನಾ ಅಂವನ ಖೋಲಿಯಾಗ ಕುಂತು ಉಸಿರು ಬಿಡತಿದ್ದೆ.

ಒಮ್ಮೆ ಕಾರ್ಡಿನ ಬಂಗಾರ ಬಣ್ಣದ ಅಂಚು ಕಪ್ಪಾಗಿತ್ತು ಅಂತ ನಾನ ಹುಣಸಿಹಣ್ಣು ಹಚ್ಚಿ ತಿಕ್ಕಿಬಿಟ್ಟೆ. ಅಂವಾ ತಲಿ ಮ್ಯಾಲೆ ಕೈ ಇಟಗೊಂಡ. "ಅಕ್ಕಾರ, ಇದೇನು ತಂಬಿಗಿ ಅಂತ ತಿಳದ್ರೇನ್ರಿ? ಇನ್ನ ಕುಂಕುಮಾನೂ ಹಚ್ಚಿಬಿಡ್ರಿ!" ಆಮ್ಯಾಲೆ ಸಾಲಿ ಹುಡುಗರ ಅಳಸೋ ರಬ್ಬರು ಕೊಟ್ಟು, ಅದರಿಂದ ಹೆಂಗ ಒರಸಬೇಕಂತ ತೋರಿಸಿದ. ಅವತ್ತಿಂದ ಒರಸೂದು ನನ್ನ ಕೆಲಸ ಆತು.

ಎರಡು ಸಾವಿರದ ನಾಕನೇ ಇಸವಿ ಮಳಿಗಾಲ ಇರಬೇಕು. ಶೇಟ್ ಅಂಗಡಿಯಾಗ ಹೊಸಾ ನಮೂನಿ ಗ್ರಾಫಿಕ್ಸ್ ಕಾರ್ಡು ಒಂದು ಕಪಾಟು ತುಂಬ ತರಿಸಿದ್ರು. ಕಂಪ್ಯೂಟರಿನಾಗ ಆಟದ ಚಿತ್ರ ಓಡಸೋ ಕಾರ್ಡು ಅದು. ಹಳೇದೊಂದು ಹೊಸಾದೊಂದು ನನ್ನ ಕೈಯಾಗ ಕೊಟ್ಟು ಅಂದ್ರು, "ಇವೆರಡನ್ನೂ ಓಡಿಸಿ ಒಂದು ಹಾಳ್ಯಾಗ ಬರದು ಕೊಡಾಕ ಹೇಳು. ಅಂಗಡ್ಯಾಗ ಹಚ್ಚತೇನಿ. ಗಿರಾಕಿ ನಂಬೂ ಹಂಗ ಬರದ್ರ, ಇಲ್ಲೇ ಅಂಗಡ್ಯಾಗ ಅಂವಗೊಂದು ಟೇಬಲ್ ಹಾಕತೇನಿ. ಇಳಸಾಕ ಮಂದಿ ನಾ ಕಳಸತೇನಿ, ದಿನಾ."

ದಿನಾ. ಆ ಮಾತು ಹೇಳಿದಾಗ ಅಂವನ ಮುಖಾ ನೋಡಬೇಕಿತ್ತು...

ಮೂರು ದಿನ ಓಡಿಸಿದ. ಹಳೇದರ ಮ್ಯಾಲೆ ಮೆಮರಿ ಅರವತ್ನಾಕು ಅಂತ ಇತ್ತು, ಹೊಸಾದರ ಮ್ಯಾಲೆ ನೂರಾ ಇಪ್ಪತ್ತೆಂಟು. ನನಗ ಇಂಗ್ಲಿಷ್ ಬರೂದಿಲ್ಲ, ಅಂಕಿ ಬರತಾವು. ಹೊಸಾದ ಗೆಲ್ಲತೈತಿ ಅಂತ ನಾನೂ ತಿಳದಿದ್ದೆ. ಪರದೇದ ಮ್ಯಾಲೆ ಒಬ್ಬಾಂವ ಓಡತಿದ್ದ. ಹಳೇ ಕಾರ್ಡಿನಾಗ ನೀಟಾಗಿ ಓಡಿದ, ಹೊಸಾದರಾಗ ಕುಂಟಿಕೋತ ಹೋದ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಸತೈತಿ ಅನ್ನೂ ಲೆಕ್ಕಕ್ಕ ಹಳೇದು ನಲವತ್ತು, ಹೊಸಾದು ಇಪ್ಪತ್ತೆರಡು.

"ಅಲ್ಲೋ ತಮ್ಮಾ, ಮೆಮರಿ ಎರಡರಷ್ಟೈತಿ, ಮತ್ತ ಹಿಂಗ್ಯಾಕ?"

"ಗೋದಾಮು ದೊಡ್ಡದು ಕಟ್ಟ್ಯಾರ ಅಕ್ಕಾರ, ಬಾಗಲಾ ಸಣ್ಣದಿಟ್ಟಾರ. ಒಳಗ ಎಷ್ಟ ಚೀಲಾ ಇದ್ರೇನು, ಹೊರಗ ಬರೂದು ಒಂದೊಂದ."

ಹೊಸಾದಕ್ಕ ಒಂದು ವಿದ್ಯಾ ಬರತಿತ್ತು, ಸುಳ್ಳ್ಯಾಕ ಹೇಳಲಿ. ನೀರಿನ ಮ್ಯಾಲಿನ ಹೊಳಪು ಬಿಡಸತಿತ್ತು, ಹಳೇದಕ್ಕ ಅದು ಆಗತಿರಲಿಲ್ಲ. ಆದ್ರ ಹೊಳಪು ಬಿಡಸೂದರಾಗ ಆಟಾನ ನಿಂತು ನಿಂತು ಹೋಗತಿತ್ತು. ಅಂವಾ ಅದನ್ನೂ ಬರದ, ಇದನ್ನೂ ಬರದ. ಕೆಳಗ ಅಡ್ಡಗೆರಿ ಹಾಕಿ ನಲವತ್ತು, ಇಪ್ಪತ್ತೆರಡು.

ನಾ ಹಾಳಿ ನೋಡಿ ಅಂದೆ, "ಇದನ್ನ ಶೇಟ್ ಹಚ್ಚತಾನ? ಕಪಾಟು ತುಂಬ ಮಾಲು ಇಟಗೊಂಡು? ಅಂಕಿ ಅದಲಿಬದಲಿ ಮಾಡು."

"ಹಂಗ ಬರದ್ರ ಅಲ್ಲಿ ಕುಂತು ದಿನಾ ಅದನ್ನ ಹೇಳಬೇಕ್ರಿ."

"ಇಲ್ಲಿ ಕುಂತು ಖರೇ ಯಾರಿಗೆ ಹೇಳಾಕತ್ತಿ? ಆ ಗ್ವಾಡಿಗೆ?"

ತಗಡಿನ ಮ್ಯಾಲೆ ಮಳಿ ಬಾರಸಾಕತ್ತಿತ್ತು. ಅಂವಾ ಇನ್ನೊಂದು ಹಾಳಿ ತಗೊಂಡು ಅಂಕಿ ಅದಲಿಬದಲಿ ಬರದ... ಮೊದಲಿನ ಹಾಳಿ ಮಡಚಿ ಗಾದಿ ಕೆಳಗ ಇಟ್ಟ.

ನಾಕು ಮಂದಿ ಬಂದ್ರು, ಕುರ್ಚಿ ಕೂಡ ಎತಗೊಂಡು ಇಳಿಸಿದ್ರು. ಮೆಟ್ಲಿನ ಮ್ಯಾಲೆ ಅಂವಾ ಕಣ್ಣು ಮುಚ್ಚಿದ್ದ, ರಸ್ತಾಕ್ಕ ಬಂದಾಗ ತಗದ. ಅಂಗಡಿಯಾಗ ಬಾಗಲದ ಹತ್ತರ ಟೇಬಲ್. ಬಸ್ಸು, ಮೀನು ಮಾರೋ ಹೆಂಗಸರು, ಸಾಲಿ ಮಕ್ಕಳು, ಎಲ್ಲಾ ಎದುರಿಗೆ. ತಲಿ ಮ್ಯಾಲಿನ ಗ್ವಾಡಿಗೆ ಅಂವಾ ಬರದ ಹಾಳಿ. ಮೊದಲ ಮೊದಲ ಗಿರಾಕಿ ಕೇಳಿದ್ರ ಬಾಯಿಲೆ ಹೇಳತಿರಲಿಲ್ಲ, ಬೆರಳು ಮಾಡಿ ಹಾಳಿ ತೋರಸತಿದ್ದ. ಒಂದಿನ ಒಬ್ಬ ಸಾಲಿ ಮಾಸ್ತರು ಆ ಹಾಳಿ ಓದಿ, ತಮ್ಮ ಕಂಪ್ಯೂಟರಿನಾಗಿನ ಹಳೇ ಕಾರ್ಡು ತಗದು ಹೊಸಾದು ಹಾಕಿಸಿಕೊಂಡ್ರು. ಚಲೋದನ್ನ ಕಿತ್ತು ಕುಂಟೂದನ್ನ ಕೂಡಿಸಿದಾಂವ ಇಂವನ. ಮಾಸ್ತರು ಕೈ ಮುಗದು ಹೋದ್ರು. ಅವತ್ತು ಅಂವಾ ನನ್ನ ಕಡೆ ನೋಡಲಿಲ್ಲ. ನಾ ಕಸಬರಗಿ ಹಿಡಕೊಂಡು ಹಿಂದಿನ ಖೋಲಿಗೆ ಹೋದೆ.

ಬರಬರತ ಬಾಯಿಲೇನ ಹೇಳಾಕ ಕಲತ. ನಗಿಚಾಟಗಿ ಮಾಡತಿದ್ದ, ಶೇಟ್ ಜೋಡಿ ಚಾ ಕುಡೀತಿದ್ದ. ಬಿಟ್ಟು ಹೋಗೂಹಂಗಿರಲಿಲ್ಲ; ಬಿಟ್ರ ಮತ್ತ ಆ ಕಿಡಕಿ.

ನಾಕೈದು ವರ್ಷ ಕಳದಿರಬೇಕು. ನನ್ನ ಮಗಳಿಗೆ ಹಳೇ ಕಂಪ್ಯೂಟರ್ ಒಂದು ಸಿಕ್ಕಿತು, ಕಾರ್ಡು ಇರಲಿಲ್ಲ. ಸಂಜಿಗೆ ಕಸಾ ಹೊಡದು, ಬುಟ್ಟಿ ಹಿಡಕೊಂಡು ಅಂವನ ಟೇಬಲ್ಲಿಗೆ ಹೋದೆ. ಅದ ಹಳೇ ನಮೂನಿದೊಂದು, ಕಪಾಟಿನಾಗ ಉಳದಿದ್ದ ಅದ ಹೊಸಾ ನಮೂನಿದೊಂದು ಎದುರಿಗಿದ್ವು. "ತಮ್ಮಾ, ಯಾವುದು ಒಯ್ಯಲಿ?" ಅಂತ ಕೇಳಿದೆ. ಕೇಳಿದಾಕಿ ನಾನು. ಅಂವಾ ಮೊದಲ ಶೇಟ್ ಕಡೆ ನೋಡಿದ. ಆಮ್ಯಾಲೆ ನನಗ ಹೇಳಿದ, "ಹೊಸಾದ ಒಯ್ರಿ ಅಕ್ಕಾರ. ಮೆಮರಿ ಜಾಸ್ತಿ ಐತಿ."

ನಾ ಎರಡನ್ನೂ ಮುಟ್ಟಲಿಲ್ಲ.

ಅಂಗಡಿ ಮುಚ್ಚಿ ಭಾಳ ವರ್ಷ ಆತು, ಅಂವಾ ಹೋಗಿಯೂ ಅಷ್ಟ ಆತು. ಅಂವನ ಖೋಲಿಯಾಗ ಈಗ ಬ್ಯಾರೆ ಮಂದಿ ಅದಾರ. ಕೆಳಗಿಳಿಸಿದ್ದು ತಪ್ಪಂತ ನಾ ಇವತ್ತಿಗೂ ಅನ್ನೂದಿಲ್ಲ. ಅಷ್ಟು ವರ್ಷ ಅಂವಾ ರಸ್ತಾ ನೋಡಿದ, ಮಂದಿ ನೋಡಿದ. ಮತ್ತ ಅದ ದಿನ ಬಂದ್ರ ಮತ್ತ ಅದನ್ನ ಹೇಳತೇನಿ. ಅಂವಾ ಸತ್ತಾಗ ನನ್ನ ಕಣ್ಣಾಗ ನೀರು ಬರಲಿಲ್ಲ, ಮಂದಿ ನನಗ ಕಲ್ಲು ಅಂದ್ರು. ಅನ್ನಲಿ. ನನ್ನ ಅಳೂದು ಆ ಸಂಜೀನ ಮುಗದಿತ್ತು, ಖಾಲಿ ಬುಟ್ಟಿ ಹಿಡಕೊಂಡು ಆ ಮೆಟ್ಲು ಹತ್ತುವಾಗ.