ಕಿಟಕಿ ಒರೆಸುತ್ತಿದ್ದವಳು

"ಯಾರಮ್ಮ ಹಾಕಿದ್ದು ಈ ಹಚ್ಚೆ? ನಮ್ಮಜ್ಜಿ ಕೈಲೂ ಹೀಗೇ ಇತ್ತು. ಎಷ್ಟು ಚೆನ್ನಾಗಿದೆ!"

ಅಮೆರಿಕಕ್ಕೆ ಬಂದು ಕೆಲಸಕ್ಕೆ ಸೇರಿದ ಎರಡನೇ ವಾರ. ಪಾಲೋ ಆಲ್ಟೋದ ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯಲೆಂದು ಒಬ್ಬ ಅಜ್ಜಿಯ ಅಂಗಿಯ ತೋಳು ಮಡಿಸಿದಾಗ ನನ್ನ ಬಾಯಿಂದ ಬಂದ ಮಾತಿದು. ಮುಂಗೈ ಮೇಲೆ ಮಾಸಿದ ನೀಲಿ ಕಂಡಿತ್ತು. ಈ ದೇಶದಲ್ಲಿ ನನ್ನೂರಿನದೊಂದು ಸಿಕ್ಕಿತಲ್ಲ ಅಂತ ಹಿಗ್ಗಿಹೋಗಿದ್ದೆ. ಪಕ್ಕದಲ್ಲಿದ್ದ ಸಹೋದ್ಯೋಗಿಯ ಕೈ ತಟ್ಟನೆ ನಿಂತಿತು. ಆಮೇಲೆ ಸರಿಯಾಗಿ ನೋಡಿದೆ: ಹೂವಲ್ಲ, ಬಳ್ಳಿಯಲ್ಲ. ಒಂದು ಅಕ್ಷರ, ಅದರ ಪಕ್ಕ ಸಾಲಾಗಿ ಅಂಕಿಗಳು.

ಆಕೆ ಕೈ ಎಳೆದುಕೊಳ್ಳಲಿಲ್ಲ. "ರಕ್ತ ತಗೋ ಮಗೂ," ಎಂದರು, ಅಷ್ಟೆ.

ನಾಜಿಗಳ ಸೆರೆಶಿಬಿರದಲ್ಲಿ ಯಹೂದಿಗಳಿಗೆ ಹಾಕಿದ ನಂಬರು ಅದು ಎಂದು ಆಮೇಲೆ ಸಹೋದ್ಯೋಗಿ ಹೇಳಿದಳು. ನಮ್ಮ ಮನೆತನಕ್ಕೇ ಮೊದಲ ಡಿಗ್ರಿ ನನ್ನದು. ಅಪ್ಪ ಮದ್ದೂರಿನ ಹತ್ತಿರ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕಿ ಓದಿಸಿದ್ದು. ಇಲ್ಲಿ ಬಂದು ಮತ್ತೆ ಪರೀಕ್ಷೆ ಬರೆದು, ಪಾಸಾಗಿ, ಈ ಬಿಳಿ ಕೋಟು ಹಾಕಿಕೊಂಡವಳು. ಶಿಬಿರಗಳ ಬಗ್ಗೆ ಶಾಲೆಯಲ್ಲಿ ಓದಿ ಅಂಕವನ್ನೂ ತೆಗೆದಿದ್ದೆ. ಕಣ್ಣೆದುರು ಬಂದಾಗ ಗುರುತು ಹತ್ತಲಿಲ್ಲ.

ಹದಿನೈದು ದಿನಕ್ಕೊಮ್ಮೆ ಅವರ ರಕ್ತ ಪರೀಕ್ಷೆ. ಮುಂದಿನ ಸಲ ಕ್ಷಮೆ ಕೇಳಿದೆ. ಅವರ ಹೆಸರು ಈಡಾ, ಹಂಗೇರಿಯ ಕಡೆಯವರು. ಅವರ ಇಂಗ್ಲಿಷಿಗೂ ನನ್ನ ಮಂಡ್ಯದ ಇಂಗ್ಲಿಷಿಗೂ ಹೇಗೋ ಹೊಂದಿಕೆಯಾಯಿತು.

"ಹಚ್ಚೆ ಹಾಕುವಾಗ ನಿಮ್ಮಜ್ಜಿಗೆ ನೋವಾಗಲಿಲ್ವಂತಾ?" ಅಂತ ಕೇಳಿದರು.

"ಅತ್ತಳಂತೆ. ಆದರೆ ಹೆಮ್ಮೆ. ಸತ್ತಾಗ ಒಡವೇನೆಲ್ಲ ಬಿಚ್ಕೋತಾರೆ, ಇದನ್ನ ಮಾತ್ರ ಯಾರೂ ಬಿಚ್ಕೊಳ್ಳಕಾಗಲ್ಲ ಕಣವ್ವ ಅನ್ನೋಳು."

ಈಡಾ ತಮ್ಮ ಅಂಕಿಗಳ ಮೇಲೆ ಬೆರಳಿಟ್ಟರು. "ನಮಗೆ ಎಲ್ಲಾನೂ ಬಿಚ್ಚಿಸಿಕೊಂಡ ಮೇಲೆ ಇದನ್ನ ಹಾಕಿದರು," ಎಂದರು.

ಹೀಗೆ ಹದಿನೈದು ದಿನಕ್ಕೆ ಹತ್ತು ನಿಮಿಷದಂತೆ ಅವರ ಕಥೆ ಕೇಳಿದೆ. ಒಂದು ದಿನ ಪಕ್ಕದ ಮನೆಯವಳ ಮಾತು ಬಂತು. ಇವರ ಇಡೀ ಕುಟುಂಬವನ್ನು ಶಿಬಿರಕ್ಕೆ ಸಾಗಿಸಲು ರೈಲ್ವೆ ಸ್ಟೇಷನ್ನಿಗೆ ನಡೆಸಿಕೊಂಡು ಹೋಗುವಾಗ ಅವಳು ಕಿಟಕಿಯ ಗಾಜು ಒರೆಸುತ್ತಿದ್ದಳಂತೆ. ಇವರನ್ನು ನೋಡಿದಳು. ಒರೆಸುತ್ತಲೇ ಇದ್ದಳು.

"ಕೆಟ್ಟವಳಲ್ಲ. ಪ್ರತಿ ವರ್ಷ ನಮಗೆ ಪ್ಲಮ್ ಹಣ್ಣು ಕೊಡ್ತಿದ್ದಳು. ಹೊಡೆದವರ ಮುಖ ಮರೆತಿದೀನಿ ಮಗೂ, ಅವಳ ಕೈಯ ಬಟ್ಟೆ ಮರೆತಿಲ್ಲ."

ಸೂಜಿಯನ್ನು ತಟ್ಟೆಯಲ್ಲಿಟ್ಟೆ. ಮಂಡ್ಯದ ಹಾಸ್ಟೆಲಿನಲ್ಲಿ ಸಾವಿತ್ರಿ ಅಂತ ನನ್ನ ರೂಮಿನವಳಿದ್ದಳು. ಜಾತಿ ಗೊತ್ತಾದ ದಿನ ಉಳಿದ ಮೂವರು ಅವಳ ಟ್ರಂಕನ್ನು ವರಾಂಡಕ್ಕೆ ಎತ್ತಿಟ್ಟರು. ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಅವಳ ಜೊತೆ ಒಂದೇ ಡಬ್ಬಿಯ ಚಟ್ನಿಪುಡಿ ತಿಂದವಳು ನಾನು. ಪುಸ್ತಕದ ಹಾಳೆ ತಿರುವಿದೆ. ವಾರದೊಳಗೆ ಅವಳು ಓದು ಬಿಟ್ಟು ಊರಿಗೆ ಹೋದಳು.

ಇದನ್ನು ಈಡಾಗೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ.

"ನೀನೇನು ಮಾಡ್ತಿದ್ದೆ?"

"ಮಾರನೇ ದಿನ ಪರೀಕ್ಷೆ ಇತ್ತು, ಓದ್ತಿದ್ದೆ."

"ಕಿಟಕಿ ಒರೆಸ್ತಿದ್ದೆ ಅನ್ನು."

ಅವರೇ ಮುಂದುವರಿಸಿದರು: "ಎರಡೂ ಒಂದೇ ಅಂತ ಹೇಳ್ತಿಲ್ಲ. ಶಿಬಿರದಲ್ಲಿ ನನ್ನ ಪಕ್ಕ ಮಲಗ್ತಿದ್ದ ಹುಡುಗಿಯ ಹೆಸರೂ ನನಗೆ ಗೊತ್ತಾಗಲಿಲ್ಲ, ಹುಡುಕೋದು ಯಾರನ್ನ? ನಿನ್ನ ಹತ್ತಿರ ಹೆಸರಿದೆ. ಹುಡುಕು."

ಮೌಂಟನ್ ವ್ಯೂನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಡೆ ಹಾಸನದ ಜಯಕ್ಕ ಇದ್ದಾರೆ. ಉಪ್ಪಿನಕಾಯಿಯಿಂದ ಹಿಡಿದು ಬುದ್ಧಿಮಾತಿನವರೆಗೆ ಎಲ್ಲವನ್ನೂ ಕೊಡುವವರು. ಅವರ ಹತ್ತಿರ ಬಾಯಿಬಿಟ್ಟೆ.

"ಅಯ್ಯೋ ಬಿಡೇ, ಇಷ್ಟು ದೂರ ಬಂದು ಅದನ್ಯಾಕೆ ಕೆದಕ್ತೀಯ? ಟ್ರಂಕು ಎತ್ತಿಟ್ಟೋರೇ ಹಾಯಾಗಿರ್ತಾರೆ. ನೀನೇನಾದ್ರೂ ಮಾಡಿದ್ಯಾ? ಏನೂ ಮಾಡ್ಲಿಲ್ವಲ್ಲ!"

"ಅದೇ ಕಣಕ್ಕ," ಅಂದೆ. ಅವರಿಗೆ ಅರ್ಥವಾಗಲಿಲ್ಲ. ಕಾಫಿ ಬೆರೆಸಿಕೊಟ್ಟರು.

ಈ ಊರಲ್ಲಿ ಈಗ ಎಲ್ಲರದೂ ಒಂದೇ ಮಾತು: ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಸಾಕು, ಪ್ರಪಂಚದಲ್ಲಿ ಯಾರು ಬೇಕಾದರೂ ಸಿಗುತ್ತಾರಂತೆ. ಹೊಡೆದು ನೋಡಿದೆ. ಸಾವಿತ್ರಿ ಅದರೊಳಗಿಲ್ಲ. ಹಾಸ್ಟೆಲಿಗೆ ಕಾಗದ ಬರೆದೆ. ಕ್ಲಿನಿಕ್ಕಿನ ಬಾಗಿಲಿಗೆ ಬಂದಾಗೆಲ್ಲ ಈಡಾ ಮೊದಲು ಕೇಳುತ್ತಿದ್ದುದು ಅದನ್ನೇ: "ಉತ್ತರ ಬಂತಾ?" ಬರಲಿಲ್ಲ. "ಇನ್ನೊಂದು ಬರಿ." ಹಳೆಯ ಮೇಷ್ಟರಿಗೆ ಬರೆದೆ. ಅವಳ ಊರು ಮಳವಳ್ಳಿ ಕಡೆಯದು ಅಂತಷ್ಟೇ ನೆನಪು. ಮೂರು ತಿಂಗಳು ಜೊತೆಗೆ ಉಂಡವಳು, ಊರಿನ ಹೆಸರನ್ನೂ ಕೇಳಿಟ್ಟುಕೊಂಡಿರಲಿಲ್ಲ.

ಕಳೆದ ತಿಂಗಳು ಈಡಾ ಬರಲಿಲ್ಲ. ಅದರ ಮುಂದಿನ ಸರದಿಗೂ ಬರಲಿಲ್ಲ. ಆಮೇಲೆ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಸತ್ತಾಗಲೂ ಯಾರೂ ಬಿಚ್ಚಿಕೊಳ್ಳಲಾಗದ್ದು ಅಂತ ನಮ್ಮಜ್ಜಿ ಹೇಳಿದ್ದು ನೆನಪಾಯಿತು. ಆ ನೀಲಿಯೂ ಅವರ ಜೊತೆಗೇ ಹೋಯಿತು.

ಈಗ ನನ್ನನ್ನು ಕೇಳುವವರಿಲ್ಲ. ನನಗಿರುವ ಭಯ ಅದೇ. ಇಲ್ಲಿ ಕೆಲಸವಿದೆ, ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಅಂಗಡಿಯಲ್ಲಿ ಈಗ ರಾಗಿ ಹಿಟ್ಟೂ ಸಿಗುತ್ತದೆ. ಸುಖವಾಗಿ ಮರೆತುಬಿಡಬಹುದು. ಅದಕ್ಕೇ ಇದನ್ನು ಕನ್ನಡದಲ್ಲಿ, ಅಲ್ಲಿನ ನಿಮಗೆ ಬರೆಯುತ್ತಿದ್ದೇನೆ. ಮಳವಳ್ಳಿ ಕಡೆಯ ಸಾವಿತ್ರಿ, ಬಲಗೆನ್ನೆಯ ಮೇಲೆ ಮಚ್ಚೆ, ಲೆಕ್ಕದಲ್ಲಿ ನನಗಿಂತ ಜಾಣೆ. ಗೊತ್ತಿದ್ದವರು ಅವಳಿಗೆ ತಿಳಿಸಿ: ಅಮೆರಿಕದಲ್ಲಿದ್ದಾಳೆ ಅಂತ ಎಲ್ಲರೂ ಹೇಳುವವಳು ಇನ್ನೂ ಆ ರೂಮಿನಲ್ಲೇ ಕೂತಿದ್ದಾಳೆ. ಪುಸ್ತಕ ಮುಚ್ಚಿದ್ದಾಳೆ. ಬಾಗಿಲ ಕಡೆ ನೋಡುತ್ತಿದ್ದಾಳೆ.