ಟ್ಲಿ ಎಂಬ ಒಂದೇ ಅಕ್ಷರ

ಇಂಗ್ಲಿಷಿನ ಉದ್ದುದ್ದ ಕ್ರಿಯಾವಿಶೇಷಣಗಳನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಒಂದು ಒಳ್ಳೆಯ ಮಾತು ಇರುತ್ತದೆ, ಅದರ ಹಿಂದೆ ‘ಲಿ’ ಅಂಟಿಸುತ್ತಾರೆ. ಸಾಲದೆಂದು ಮುಂದೆ ‘ಅನ್’ ಸೇರಿಸುತ್ತಾರೆ. ಫಾರ್ಚೂನ್ ಎಂದರೆ ಅದೃಷ್ಟ. ಅದು ಫಾರ್ಚುನೇಟ್ ಆಗಿ, ಅನ್‌ಫಾರ್ಚುನೇಟ್ ಆಗಿ, ಕೊನೆಗೆ ಅನ್‌ಫಾರ್ಚುನೇಟ್ಲಿ ಆಗುವ ಹೊತ್ತಿಗೆ ಅದೃಷ್ಟವೆಂಬುದು ನಡುವೆ ಎಲ್ಲೋ ಸಿಕ್ಕಿಕೊಂಡು ಉಸಿರಾಡಲು ಒದ್ದಾಡುತ್ತಿರುತ್ತದೆ. ನಾವಾದರೆ ‘ಪಾಪ’ ಎಂದು ಎರಡಕ್ಷರದಲ್ಲಿ ಮುಗಿಸಿಬಿಡುತ್ತೇವೆ. ಈ ಪದಗಳ ದೆಸೆಯಿಂದ ನಾನು ಮುಂಬಯಿಯಲ್ಲಿ ಒಂದು ಕೆಲಸ ಕಳೆದುಕೊಂಡೆ, ಒಬ್ಬ ಮನುಷ್ಯನನ್ನು ಮನಸಾರೆ ದ್ವೇಷಿಸುವುದನ್ನು ಕಲಿತೆ. ಕೆಲಸ ಆಮೇಲೆ ಬೇರೆ ಸಿಕ್ಕಿತು. ದ್ವೇಷ ಮಾತ್ರ ಅದೇ ಇದೆ.

ಐವತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಸಯನ್‌ನಲ್ಲಿದ್ದ ಅಕ್ಕನ ಮನೆಗೆ ಬಂದಿದ್ದೆ. ಊರಿನಲ್ಲಿ ನನಗೊಂದು ಗಂಡು ಗೊತ್ತು ಮಾಡಿದ್ದರು. ಹೆಣ್ಣು ನೋಡಲು ಬಂದ ದಿನ ಆತ ಕೇಳಿದ್ದು ಒಂದೇ ಪ್ರಶ್ನೆ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀಯ ಎಂದು. ಅವನನ್ನು ಮದುವೆಯಾಗುವುದಿಲ್ಲ ಎಂದು ಹಟ ಹಿಡಿದು, ಅಕ್ಕನ ಬಾಣಂತನದ ನೆಪ ಹೇಳಿ ರೈಲು ಹತ್ತಿದ್ದೆ. ಮಗುವಿಗೆ ಹಲ್ಲು ಬಂದರೂ ನಾನು ಹೊರಡುವ ಲಕ್ಷಣ ಕಾಣಲಿಲ್ಲ. ಭಾವ ಕೆಟ್ಟವರಲ್ಲ. ಆದರೆ ಒಂದು ಕೋಣೆ, ಒಂದು ಅಡುಗೆಮನೆಯ ಬ್ಲಾಕಿನಲ್ಲಿ ನಾದಿನಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

“ನೋಡಮ್ಮ, ಯಾವ್ದಾದ್ರೂ ಕೆಲಸ ಪರ್ಮನೆಂಟ್ ಆದ್ರೆ ಇಲ್ಲೇ ಇರು, ಯಾರೂ ಬೇಡ ಅನ್ನಲ್ಲ,” ಎಂದರು ಒಂದು ದಿನ. “ಆಗ್ಲಿಲ್ಲ ಅಂದ್ರೆ ದಸರಾಕ್ಕೆ ಮುಂಚೆ ಊರಿಗೆ ಹೊರಟುಬಿಡು. ಗಂಡಿನ ಕಡೆಯೋರು ಇನ್ನೂ ಕಾಯ್ತಾ ಇದಾರಂತೆ.”

ಅಕ್ಕ ತಲೆ ಎತ್ತದೆ ಹುರುಳಿಕಾಯಿ ಹೆಚ್ಚುತ್ತಿದ್ದಳು.

ದಾದರ್ ಸ್ಟೇಷನ್ನಿನ ಹತ್ತಿರ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಡೆಸುತ್ತಿದ್ದವರು ಉಡುಪಿ ಕಡೆಯ ಮಾಸ್ಟರು. ಅವರ ಅಣ್ಣತಮ್ಮಂದಿರೆಲ್ಲ ಹೋಟೆಲಿಗೆ ಇಳಿದರೆ ಇವರೊಬ್ಬರು ಹಳೆಯ ಟೈಪ್‌ರೈಟರುಗಳನ್ನು ಕಟ್ಟಿಕೊಂಡು ಕೂತಿದ್ದರು. ಬೆರಳು ಓಡಿಸುವುದನ್ನು ಕಲಿಸಿದ ಮೇಲೆ, ಆಫೀಸಿನಲ್ಲಿ ಮಾತಾಡಬೇಕಾದ ಇಂಗ್ಲಿಷನ್ನೂ ಒಂದಿಷ್ಟು ಕಲಿಸುತ್ತಿದ್ದರು. ಉದ್ದ ಪದದಲ್ಲಿ ಸ್ಟ್ರೆಸ್ ಎಲ್ಲಿ ಬೀಳುತ್ತದೆ ಎಂದು ನಾನು ಕೇಳಿದೆ.

“ಸ್ಟ್ರೆಸ್ ಅಂದ್ರೆ ಎಂತ ದೊಡ್ಡ ಸಂಗತಿ ಅಲ್ಲ ಮಾರಾಯ್ರೆ. ಒತ್ತು. ಒತ್ತು ಇರುವಲ್ಲಿ ಸ್ವಲ್ಪ ಗಟ್ಟಿ ಹೇಳ್ಬೇಕು, ಅಷ್ಟೆ,” ಎಂದರು.

ಒತ್ತು ಎಂದರೆ ನನಗೆ ಗೊತ್ತಿದ್ದುದು ಒಂದೇ, ಅಕ್ಷರದ ಕಾಲಿಗೆ ಜೋತುಬೀಳುವ ಒತ್ತಕ್ಷರ. ಅಂದು ರಾತ್ರಿ ಊಟವಾದ ಮೇಲೆ ಅಕ್ಕ ಹಾಲಿನ ಲೆಕ್ಕ ಬರೆಯುವ ಸ್ಲೇಟಿನ ಮೇಲೆ ಇಂಗ್ಲಿಷ್ ಪದಗಳನ್ನು ಕನ್ನಡದಲ್ಲಿ ಬರೆದು ಒತ್ತು ಹುಡುಕಿದೆ. ಇಮ್ಮೀಡಿಯೇಟ್ಲಿ: ಮಕಾರದ ಕೆಳಗೊಂದು ಮ, ಟಕಾರದ ಕೆಳಗೊಂದು ಲ. ಎರಡೂ ಕಡೆ ಗುದ್ದಿ ಹೇಳಿದೆ. ಪರ್ಫೆಕ್ಟ್ಲಿಯಲ್ಲಂತೂ ಕ, ಟ, ಲ ಮೂರೂ ಒಂದರ ಮೇಲೊಂದು ಬಿದ್ದಿದ್ದವು, ಅದನ್ನು ಹೇಳುವಾಗ ಎದುರು ಕೂತವರ ಮುಖಕ್ಕೆ ಉಗುಳು ಹಾರುತ್ತಿತ್ತು. ಭಾವ ಕುರ್ಚಿ ಹಿಂದಕ್ಕೆಳೆದುಕೊಂಡು, “ಭೇಷ್,” ಎಂದರು. ನಾನು ನಿಜವೆಂದೇ ನಂಬಿದೆ.

ಮುಂಬಯಿಯ ಫೋರ್ಟ್ ಭಾಗದಲ್ಲಿ ಯಂತ್ರಗಳನ್ನು ತರಿಸಿ ಮಾರುವ ಒಂದು ಕಂಪನಿ. ಮೇಲೆ ಇಂಗ್ಲಿಷ್ ಸಾಹೇಬರು, ಅವರ ಕೆಳಗೆ ಟೈಪಿಸ್ಟರನ್ನೆಲ್ಲ ನೋಡಿಕೊಳ್ಳುವ ಸೂಪರಿಂಟೆಂಡೆಂಟರು. ನನಗೆ ಟೆಂಪರರಿ ಕೆಲಸ ಸಿಕ್ಕಿತು. ಪರ್ಮನೆಂಟ್ ಮಾಡುವುದು ಬಿಡುವುದು ಈ ಸೂಪರಿಂಟೆಂಡೆಂಟರ ಕೈಯಲ್ಲಿತ್ತು. ಅವರನ್ನು ಬಹುವಚನದಲ್ಲಿ ಬರೆಯುತ್ತಿರುವುದು ಅಭ್ಯಾಸಬಲದಿಂದ, ಗೌರವದಿಂದಲ್ಲ.

ಯಾವ ಊರು ಎಂದು ಕೇಳಿದರೆ “ಬಾಂಬೆ” ಎನ್ನುತ್ತಿದ್ದರು. ಸೆಕೆಯಲ್ಲೂ ಕೋಟು, ಟೈ. ಜವಾನನೊಂದಿಗೂ ಇಂಗ್ಲಿಷ್. ಮಧ್ಯಾಹ್ನ ಡಬ್ಬಾವಾಲಾ ತಂದಿಟ್ಟ ಊಟವನ್ನು ಕೋಣೆಯ ಬಾಗಿಲು ಹಾಕಿಕೊಂಡೇ ಮಾಡುತ್ತಿದ್ದರು. ಬಾಗಿಲು ಹಾಕಿದರೂ ಇಂಗಿನ ಒಗ್ಗರಣೆಯ ಘಮ ಹೊರಗೆ ಬರುತ್ತಿತ್ತು, ಜೊತೆಗೆ ಚಮಚದ ಸದ್ದು. ಮೊಸರನ್ನವನ್ನು ಚಮಚದಲ್ಲಿ ತಿನ್ನುವ ಮನುಷ್ಯ ನಂಬಿಕೆಗೆ ಯೋಗ್ಯನಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಟೈಪ್ ಮಾಡಿದ ಪ್ರತಿಯೊಂದು ಕಾಗದವನ್ನೂ ಅವರ ಮೇಜಿನೆದುರು ನಿಂತು ಗಟ್ಟಿಯಾಗಿ ಓದಬೇಕು, ಅವರು ಮೂಲವನ್ನು ಹಿಡಿದು ತಾಳೆ ನೋಡುತ್ತಾರೆ. ಮೊದಲ ದಿನ ನಾನು ಇಮ್ಮೀಡಿಯೇಟ್ಲಿ ಎಂದು ಎರಡು ಗುದ್ದು ಗುದ್ದಿದಾಗ ಅವರು ಕಾಗದ ಕೆಳಗಿಟ್ಟು, ಏನದು, ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ‘ಲಿ’ಗೆ ಯಾವತ್ತೂ ಒತ್ತಿಲ್ಲ, ಅದು ಬಾಲ; ಬಾಲ ಕಿತ್ತು ಉಳಿದ ಪದದಲ್ಲಿ ಒತ್ತು ಎಲ್ಲಿದೆಯೋ ನೋಡು, ಬಾಲ ಅಂಟಿಸಿದ ಮೇಲೂ ಅದು ಅಲ್ಲೇ ಇರಬೇಕು, ಎಂದು ಹೇಳಿದರು. ಹೇಳಿದ್ದು ಸರಿಯಾಗಿಯೇ ಇತ್ತು. ಹೇಳಿದ ರೀತಿಗೆ ಅವರ ಟೈ ಹಿಡಿದು ಎಳೆಯಬೇಕು ಅನ್ನಿಸಿತು.

ಹೇಳುವುದನ್ನಾದರೂ ಹೇಗೋ ತಿದ್ದಿಕೊಂಡೆ. ಪದ ಕಡಿಯುವುದೇ ಬಗೆಹರಿಯಲಿಲ್ಲ. ಸಾಲು ಮುಗಿಯುವ ಸ್ವಲ್ಪ ಮೊದಲು ಟೈಪ್‌ರೈಟರಿನ ಗಂಟೆ ಠಣ್ ಎನ್ನುತ್ತದೆ. ಆಗ ಉದ್ದ ಪದವೊಂದು ಎದುರಾದರೆ, ಅದನ್ನು ಸರಿಯಾದ ಗಿಣ್ಣಿನಲ್ಲಿ ಕಡಿದು, ಒಂದು ಸಣ್ಣ ಗೆರೆ ಹಾಕಿ, ಉಳಿದದ್ದನ್ನು ಕೆಳಗಿನ ಸಾಲಿಗೆ ಒಯ್ಯಬೇಕು. ಇಮ್ಮೀಡಿಯೇಟ್ಲಿ ಬಂತು. ನಾನು ಇಮ್ಮೀಡಿಯೇ ಎಂಬಲ್ಲಿಗೆ ಕಡಿದು, ಟಿ, ಇ, ಎಲ್, ವೈ ನಾಲ್ಕನ್ನೂ ಕೆಳಕ್ಕೆ ತಳ್ಳಿದೆ. ಸೂಪರಿಂಟೆಂಡೆಂಟರು ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ ಎಸೆದರು. ಕಾರ್ಬನ್ ಹಾಕಿದ ಪ್ರತಿಗಳ ಸಮೇತ ಇಡೀ ಕಾಗದವನ್ನು ಮತ್ತೆ ಟೈಪ್ ಮಾಡಬೇಕಾಯಿತು.

ನನ್ನ ಪಕ್ಕದಲ್ಲಿ ಗೋವಾದ ಒಬ್ಬ ಹುಡುಗಿ ಕೂರುತ್ತಿದ್ದಳು. ಊಟದ ಹೊತ್ತಿನಲ್ಲಿ ಅವಳೊಂದು ಉಪಾಯ ಹೇಳಿಕೊಟ್ಟಳು. ಗಲ್ಲದ ಕೆಳಗೆ ಅಂಗೈ ಹಿಡಿದು ಪದ ಹೇಳು, ಗಲ್ಲ ಎಷ್ಟು ಸಲ ಕೆಳಗೆ ಬರುತ್ತದೋ ಅಷ್ಟು ಸಿಲಬಲ್, ಅಂದರೆ ಉಚ್ಚಾರದ ತುಂಡು; ಕಡಿಯುವುದು ಎರಡು ತುಂಡುಗಳ ನಡುವೆ. ಅಂಗೈ ಹಿಡಿದು ಅನ್‌ಫಾರ್ಚುನೇಟ್ಲಿ ಎಂದು ಹೇಳಿ ನೋಡಿದೆ. ಅವಳಿಗೂ ಐದು, ನನಗೂ ಐದು. ಎಣಿಕೆಯಲ್ಲಿ ತಕರಾರೇ ಇರಲಿಲ್ಲ, ತಕರಾರೆಲ್ಲ ಗಡಿಯದು. ಅವಳು ಫಾರ್ಚುನೇಟ್ ಎಂಬುದನ್ನು ಪೂರ್ತಿ ಉಳಿಸಿ, ಲಿಯನ್ನು ಮಾತ್ರ ಕಡಿಯುತ್ತಿದ್ದಳು. ನನ್ನ ಕೈ ಟ್ಲಿ ಎಂಬಲ್ಲಿ ಟ ಮತ್ತು ಲಗಳ ನಡುವೆ ಇಳಿಯಲು ಒಪ್ಪುತ್ತಿರಲಿಲ್ಲ. ಟ್ಲಿ ಎಂದರೆ ಒಂದು ಅಕ್ಷರ. ಲ ಎನ್ನುವುದು ಟ-ದ ಕಾಲಡಿಯಲ್ಲಿ ಕೂತಿದೆ. ಮಗುವನ್ನು ಕಂಕುಳಿನಿಂದ ಕಿತ್ತ ಹಾಗೆ ಅದನ್ನು ಕಿತ್ತು ಇನ್ನೊಂದು ಸಾಲಿಗೆ ಹಾಕುವುದು ಹೇಗೆ? ಆಗ ಊರೆಲ್ಲ ಭಾಷೆಯ ಗಡಿಯದೇ ಮಾತು, ಯಾವ ತಾಲೂಕು ಯಾರಿಗೆ ಎಂದು ಲೋಕಲ್ ಗಾಡಿಯಲ್ಲಿ ಜನ ಕಚ್ಚಾಡುತ್ತಿದ್ದರು. ನನ್ನ ಗಡಿತಂಟೆಯನ್ನು ಕೇಳುವವರು ಯಾರೂ ಇರಲಿಲ್ಲ.

ಕೆಂಪು ಸುತ್ತುಗಳು ಬರುತ್ತಲೇ ಇದ್ದವು. ಆದರೂ ನಾನು ಗಮನಿಸಿದ ಒಂದು ವಿಷಯವಿತ್ತು. ಸೂಪರಿಂಟೆಂಡೆಂಟರು ಸಮಾಧಾನವಾಗಿದ್ದಾಗ ಗೋವಾದ ಹುಡುಗಿಯಂತೆಯೇ ತೆಳ್ಳಗೆ ‘ಇಮೀಡಿಯಟ್ಲಿ’ ಎನ್ನುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಮ-ಕ್ಕೆ ಮ ಸೇರಿ ‘ಇಮ್ಮೀಡಿಯೇಟ್ಲಿ’ ಎಂದು ಹೊರಬರುತ್ತಿತ್ತು. ಅದು ಎಲ್ಲಿಂದ ಬಂದ ಮಕಾರ ಎಂದು ನನಗೆ ಸಂಶಯ ಹುಟ್ಟಿತು. ಕೇಳುವ ಧೈರ್ಯವಿರಲಿಲ್ಲ.

ಆಮೇಲೆ ನೆಸೆಸರಿಲಿಯ ಪ್ರಸಂಗ ನಡೆಯಿತು. ಅದರಲ್ಲಿ ಮೊದಲಿನ ‘ನೆ’ ಮೇಲೆ ಒತ್ತು ಹಾಕಿ ಉಳಿದದ್ದನ್ನು ನುಂಗಬೇಕು ಎಂದು ಸೂಪರಿಂಟೆಂಡೆಂಟರು ನನ್ನನ್ನು ಮೇಜಿನೆದುರು ನಿಲ್ಲಿಸಿಕೊಂಡು ಮತ್ತೆ ಮತ್ತೆ ಹೇಳಿಸಿದ್ದರು. ಲೋಕಲ್ಲಿನಲ್ಲಿ ಬೋರಿಬಂದರಿನಿಂದ ಸಯನ್‌ವರೆಗೆ ಅದನ್ನೇ ಗೊಣಗುತ್ತಾ ಹೋದೆ, ಎದುರು ಕೂತಿದ್ದ ಮರಾಠಿ ಅಜ್ಜಿ ನನಗೇನೋ ಆಗಿದೆ ಎಂದು ಎದ್ದು ಬೇರೆ ಕಡೆ ಕೂತರು. ಒಂದು ಮಧ್ಯಾಹ್ನ ಸಾಹೇಬರು ಕೋಣೆಯಿಂದ ಹೊರಗೆ ಬಂದು, ಸೂಪರಿಂಟೆಂಡೆಂಟರ ಯಾವುದೋ ಪ್ರಶ್ನೆಗೆ, “ನಾಟ್ ನೆಸೆಸೇರಿಲಿ,” ಎಂದು ಹೇಳಿ ಹೋದರು. ಒತ್ತು ನಟ್ಟನಡುವೆ, ‘ಸೇ’ ಮೇಲೆ ಬಿದ್ದಿತ್ತು. ಇಂಗ್ಲಿಷಿನವನೇ ಬಾಲದ ಕಾನೂನನ್ನು ಮುರಿದಿದ್ದ.

ಮಾರನೆಯ ದಿನ ನಾನು ಕಾಗದ ಓದುತ್ತಾ, ಕಲಿಸಿದ ಹಾಗೆ ‘ನೆ’ಯನ್ನು ಒತ್ತಿ ಉಳಿದದ್ದನ್ನು ನುಂಗಿದೆ. ಸೂಪರಿಂಟೆಂಡೆಂಟರು ಮುಖ ಗಂಟಿಕ್ಕಿ, “ನೆಸೆಸೇರಿಲಿ,” ಎಂದು ತಿದ್ದಿದರು, ಹುಟ್ಟಿದಾಗಿನಿಂದ ಹಾಗೆಯೇ ಹೇಳುತ್ತಾ ಬಂದವರಂತೆ.

ನನಗೆ ತಡೆಯಲಾಗಲಿಲ್ಲ. ನಿನ್ನೆಯವರೆಗೆ ಅದು ‘ನೆ’ ಮೇಲಿತ್ತು ಸರ್, ಯಾವಾಗ ಸ್ಥಳ ಬದಲಾಯಿಸಿತು ಎಂದು ನನ್ನ ಇಂಗ್ಲಿಷಿನಲ್ಲೇ ಕೇಳಿದೆ. ಗೋವಾದ ಹುಡುಗಿ ಕಿಸಕ್ಕನೆ ನಕ್ಕಳು. ಅವಳ ಹಿಂದೆ ಇನ್ನಿಬ್ಬರು ನಕ್ಕರು. ಸೂಪರಿಂಟೆಂಡೆಂಟರ ಕಿವಿ ಕೆಂಪಾಯಿತು. ಕಾಗದವನ್ನು ವಾಪಸು ಕೊಟ್ಟರು, ಅದರ ಮೇಲೆ ಒಂದು ಕೆಂಪು ಸುತ್ತೂ ಇರಲಿಲ್ಲ. ನನ್ನ ಕೆಲಸ ಮುಗಿಯಿತು ಎಂದು ಆಗಲೇ ಗೊತ್ತಾಯಿತು.

ದಸರಾ ಹತ್ತಿರ ಬಂದಿತ್ತು. ಅವರು ನನ್ನನ್ನು ಒಳಗೆ ಕರೆದು ಕೂರಿಸಿ, ಒಂದು ಕಾಗದ ಬರೆದುಕೋ ಎಂದರು. ಮೇಲೆ ನನ್ನದೇ ಹೆಸರು ಹೇಳಿದಾಗ ಪೆನ್ಸಿಲ್ ನಿಂತಿತು. ಬೇರೆ ಟೈಪಿಸ್ಟರಿಲ್ಲವೇ ಎಂದು ಕೇಳಬಹುದಿತ್ತು. ಬೇಕೆಂದೇ ನನ್ನಿಂದ ಮಾಡಿಸುತ್ತಿದ್ದಾರೆ ಎಂಬುದು ಅವರು ಕುರ್ಚಿಗೆ ಒರಗಿದ್ದ ರೀತಿಯಲ್ಲೇ ತಿಳಿಯುತ್ತಿತ್ತು. ನನ್ನ ಕೆಲಸ, ಅನ್‌ಫಾರ್ಚುನೇಟ್ಲಿ, ಕಂಪನಿಯ ಮಟ್ಟಕ್ಕೆ ಬಂದಿಲ್ಲವಂತೆ. ಪದ ಕಡಿಯುವುದರಲ್ಲಿ ಪರ್ಟಿಕ್ಯುಲರ್ಲಿ ಕೆಟ್ಟದಂತೆ. ನಾಳೆಯಿಂದ ಬರಬೇಕಾಗಿಲ್ಲವಂತೆ.

ನನ್ನ ಜಾಗಕ್ಕೆ ಬಂದು ಕಾಗದ ಏರಿಸಿದೆ. ಮೈಸೂರಿನ ಆ ಗಂಡು, ಬೆಳಗಿನ ಜಾವ, ಒದ್ದೆ ಸೀರೆ, ಒಲೆ ಎಲ್ಲವೂ ಕಣ್ಣ ಮುಂದೆ ಬಂದವು. ಅನ್‌ಫಾರ್ಚುನೇಟ್ಲಿ ಎಲ್ಲಿ ಬೀಳುತ್ತದೆ ಎಂದು ಮನಸ್ಸಿನಲ್ಲೇ ಅಳೆದೆ. ಸಾಲಿನ ನಡುವೆ ಬೀಳುತ್ತಿತ್ತು. ಮಾರ್ಜಿನನ್ನು ಈಚೆಗೆ ಸರಿಸಿ, ಅದು ಸರಿಯಾಗಿ ಗಂಟೆಯ ಬಾಯಿಗೆ ಬರುವ ಹಾಗೆ ಮಾಡಿದೆ. ಗಂಟೆ ಠಣ್ ಎಂದಿತು. ಅನ್‌ಫಾರ್ಚುನೇ ಎಂಬಲ್ಲಿಗೆ ಕಡಿದು ಗೆರೆ ಹಾಕಿ, ಟ್ಲಿಯನ್ನು ಇಡಿಯಾಗಿ ಕೆಳಗಿನ ಸಾಲಿಗೆ ಇಳಿಸಿದೆ. ಹೋಗುವವಳು ನಾನು, ನನ್ನ ಅಕ್ಷರವನ್ನು ಒಡೆದು ಹೋಗಬೇಕಾದ ಹಂಗು ನನಗಿರಲಿಲ್ಲ.

ಅವರು ಸುತ್ತು ಹಾಕುತ್ತಾರೆ, ಮತ್ತೆ ಟೈಪ್ ಮಾಡಿಸುತ್ತಾರೆ, ಆಗ ಎದುರೇ ಹರಿದು ಹಾಕಿ ಹೊರಡೋಣ ಎಂದು ಲೆಕ್ಕ ಹಾಕಿದ್ದೆ. ದಿನವೂ ನನ್ನಿಂದ ಓದಿಸಿ ಕಣ್ಣಲ್ಲಿ ತಪ್ಪು ಹಿಡಿಯುತ್ತಿದ್ದ ಮನುಷ್ಯ ಅಂದು ಕಾಗದವನ್ನು ತಾವೇ ತೆಗೆದುಕೊಂಡು, ಪಾಯಸ ಸವಿಯುವವರ ಹಾಗೆ, ಗಟ್ಟಿಯಾಗಿ ಓದತೊಡಗಿದರು. ಸಾಲಿನ ಕೊನೆಗೆ ಬಂದರು. “ಅನ್‌ಫಾರ್ಚುನೇ,” ಎಂದು ಉಸಿರೆಳೆದುಕೊಂಡರು. ಕೆಳಗಿನ ಸಾಲಿಗೆ ಇಳಿದು, “ಟ್ಲಿ,” ಎಂದರು. ಎಲ್ಲೂ ಎಡವಲಿಲ್ಲ. ಕೆಂಪು ಪೆನ್ಸಿಲ್ ಮೇಜಿನ ಮೇಲೆ ಮಲಗಿತ್ತು. ಪೆನ್ನು ತೆಗೆದು ಸಹಿ ಹಾಕಿದರು.

ನಾನು ತಿದ್ದಿದಂಥ ಮರಳಿನ ಮೇಲೆಯೇ ಈ ಮನುಷ್ಯನೂ ಕನ್ನಡದ ಅಕ್ಷರ ತಿದ್ದಿದ್ದಾನೆ ಎಂದು ಆ ಕ್ಷಣಕ್ಕೆ ನನಗೆ ಖಚಿತವಾಯಿತು.

“ಟ್ಲಿ ಸರಿಯಾಗಿದೆಯಾ ಸಾರ್?” ಎಂದು ಕನ್ನಡದಲ್ಲಿ ಕೇಳಿದೆ.

ಅವರು ಕಾಗದವನ್ನು ನೋಡಿದರು, ಕಡಿದ ಜಾಗವನ್ನು ನೋಡಿದರು, ಅದರ ಕೆಳಗೆ ಇನ್ನೂ ಒಣಗದ ಸಹಿಯನ್ನು ನೋಡಿದರು. ಬಾಯಿ ಇಂಗ್ಲಿಷಿಗೆ ತೆರೆಯಿತು, ಇಂಗ್ಲಿಷ್ ಬರಲಿಲ್ಲ.

“ನಡಿಯೇ ಆಚೆ,” ಎಂದರು. ಅಪ್ಪಟ ಮೈಸೂರಿನ ‘ನಡಿಯೇ’. ನಮ್ಮ ಕೇರಿಯಲ್ಲಿ ಹಸುವನ್ನೂ ಹೆಂಡತಿಯನ್ನೂ ಓಡಿಸುತ್ತಿದ್ದುದು ಅದೇ ರಾಗದಲ್ಲಿ.

ಕಾಗದವನ್ನು ಅವರ ಕೈಯಿಂದ ಎಳೆದುಕೊಂಡು ಹೊರಬಿದ್ದೆ. ಸಯನ್‌ಗೆ ಹೋದರೆ ಭಾವ ಟ್ರಂಕು ಇಳಿಸುತ್ತಾರೆ, ಅಕ್ಕ ತಲೆ ಎತ್ತುವುದಿಲ್ಲ. ಗಾಡಿ ದಾದರ್‌ನಲ್ಲಿ ನಿಂತಾಗ ಜನರನ್ನು ತಳ್ಳಿಕೊಂಡು ಅಲ್ಲೇ ಇಳಿದೆ. ಇನ್‌ಸ್ಟಿಟ್ಯೂಟಿನಲ್ಲಿ ಮಾಸ್ಟರು ಒಂದು ಟೈಪ್‌ರೈಟರಿಗೆ ಎಣ್ಣೆ ಬಿಡುತ್ತಿದ್ದರು. ಕೆಲಸ ಹೋಯಿತು, ಬೇರೆ ಬೇಕು ಎಂದೆ. ಯಾಕೆ ಹೋಯಿತು ಎಂದು ಅವರು ಕೇಳಲಿಲ್ಲ.

“ಬಾಂದ್ರಾದಲ್ಲಿ ಒಂದು ಆಫೀಸಿನವರು ಕೇಳಿದ್ದುಂಟು, ಪರ್ಮನೆಂಟೇ. ಯಾವಾಗ ಸೇರ್ತೀರಿ?” ಎಂದರು.

“ಇಮ್ಮೀಡಿಯೇಟ್ಲಿ,” ಎಂದೆ, ಎರಡು ಒತ್ತನ್ನೂ ಬಿಡದೆ ಗುದ್ದಿ.